ದಾರ ಸುತ್ತಿದ ಜಾಯಿಂಟು

ಮಾರನಹಳ್ಳಿ ಹತ್ತಿರದ ತಿರುವಿನಲ್ಲಿ ಪ್ರದೀಪನ ಜೀಪಿನ ಹೆಡ್‌ಲೈಟು ಒಮ್ಮೆಲೇ ಆರಿಹೋಯಿತು. ಕಾಫಿ ಕುಯ್ಲಿನ ಕಾಲ. ಬೆಳಗಿನ ಮಂಜು ಇನ್ನೂ ರಸ್ತೆ ಬಿಟ್ಟು ಎದ್ದಿರಲಿಲ್ಲ. ಹಿಂದೆ ಕೂತವರೆಲ್ಲ ಎಸ್ಟೇಟಿಗೆ ಹಣ್ಣು ಕುಯ್ಯಲು ಹೊರಟ ಹೆಂಗಸರು. ಎಡಕ್ಕೆ ಕಣಿವೆ, ಬಲಕ್ಕೆ ಗುಡ್ಡ ಕಡಿದ ಮಣ್ಣಿನ ಧರೆ. ಪ್ರದೀಪ ಪುಣ್ಯಾತ್ಮ, ಬಲಕ್ಕೆ ತಿರುಗಿಸಿದ. ಜೀಪು ಧರೆಗೆ ಮೂತಿ ಗುದ್ದಿ ನಿಂತಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ, ಮುಂದಿನ ಸೀಟಿನಲ್ಲಿದ್ದ ಭೂತಮ್ಮನ ಬಲಗೈ ಮಾತ್ರ ಮುರಿಯಿತು. ಈ ‘ಮಾತ್ರ’ ಅನ್ನುವುದನ್ನು ಕುಯ್ಲಿನ ಕಾಲದಲ್ಲಿ ಕೈ ಮುರಿದುಕೊಂಡ ಹೆಂಗಸಿನ ಎದುರು ಹೇಳಿ ನೋಡಿ, ಗೊತ್ತಾಗುತ್ತದೆ.

ಆ ಜೀಪಿನ ವೈರಿಂಗು ಆಗಿ ಇನ್ನೂ ವಾರ ತುಂಬಿರಲಿಲ್ಲ. ಆಗಿದ್ದು ಬಾಳ್ಳುಪೇಟೆಯಲ್ಲಿ, ಹೆದ್ದಾರಿಯ ಪಕ್ಕದ ದೇವೀರಪ್ಪನ ಅಂಗಡಿಯಲ್ಲಿ. ಹಾಗಾಗಿ ಜೀಪನ್ನು ಲಾರಿಗೆ ಕಟ್ಟಿ ಎಳೆದುಕೊಂಡು ಬಂದು ಅದೇ ಅಂಗಡಿಯ ಮುಂದೆ ನಿಲ್ಲಿಸಿದರು. ಜನ ಸೇರಿತು. ದೇವೀರಪ್ಪ ಟಾರ್ಚು ಹಿಡಿದು, ಜಜ್ಜಿಹೋಗಿದ್ದ ಬಾನೆಟ್ಟಿನೊಳಗೆ ಬಗ್ಗಿ ನೋಡಿದ. ಇನ್ನೂ ಸ್ವಲ್ಪ ಬಗ್ಗಿ ನೋಡಿದ. ಎದ್ದು ನಿಂತು ಕೈ ಒರೆಸಿಕೊಂಡ.

“ಹೆಡ್‌ಲೈಟಿನ ಲೈನು ಬುಟ್ಕೊಂಡೈತೆ,” ಅಂದ. “ಇದು ನಮ್ ಗಂಗಾಮಣಿ ಮಾಡಿದ್ ಕೆಲ್ಸ ಕಣಪ್ಪ. ನಾನ್ ಮುಟ್ಟಿಲ್ಲ.”

ಎಲ್ಲರ ಕಣ್ಣೂ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಅವನ ಮಗಳ ಕಡೆ ತಿರುಗಿತು.  ಗಂಗಾಮಣಿಗೆ ಇಲ್ಲ ಅನ್ನುವ ಹಾಗಿರಲಿಲ್ಲ. ಎಸ್ಟೇಟಿನ ಸ್ಟೋರಿನಲ್ಲಿ ನಿಂತಿದ್ದ ಜೀಪಿನ ವೈರನ್ನು ಇಲಿ ಕಡಿದು ಹಾಕಿತ್ತು. ಕೆಟ್ಟುಹೋದ ತುಂಡನ್ನು ತೆಗೆದು ಹೊಸ ವೈರು ಸೇರಿಸಿದವಳು ಅವಳೇ. ಅದನ್ನು ಪ್ರದೀಪನೂ ನೋಡಿದ್ದ.

ದೇವೀರಪ್ಪನ ಬಗ್ಗೆ ಇಲ್ಲಿ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸಕಲೇಶಪುರದಿಂದ ಆಲೂರಿನವರೆಗೆ ಹಳೇ ಗಾಡಿ ಇಟ್ಟುಕೊಂಡವರನ್ನು ಯಾರನ್ನಾದರೂ ಕೇಳಿ, ವೈರಿಂಗ್ ಕೆಲಸ ಅಂದರೆ ಅವನ ಹೆಸರನ್ನೇ ಹೇಳುತ್ತಾರೆ. ಅವನು ಎರಡು ವೈರು ಜೋಡಿಸುವುದನ್ನು ನೋಡಲು ಜನ ಟೀ ಲೋಟ ಹಿಡಿದುಕೊಂಡೇ ಬಂದು ನಿಲ್ಲುತ್ತಿದ್ದ ಕಾಲವಿತ್ತು. ಎರಡೂ ತುದಿಯ ತಾಮ್ರದ ಎಳೆಗಳನ್ನು ಬಿಡಿಸಿ, ಒಂದರೊಳಗೊಂದು ಹೊಗಿಸಿ, ಆಚೆಗೂ ಈಚೆಗೂ ಬಿಗಿಯಾಗಿ ಹೊಸೆದು, ಸೀಸದ ಬೆಸುಗೆಯನ್ನು ಎಳೆಎಳೆಗೂ ಕುಡಿಸಿ, ಮೇಲೆ ಮೇಣ ಹಚ್ಚಿದ ದಾರ ಸುತ್ತಿ ಗಂಟು ಹಾಕಿ, ಆಮೇಲೆ ಟೇಪು. ನಮ್ಮ ಕಡೆಯ ಥಂಡಿಗೆ ಒಂದು ಮಳೆಗಾಲ ಕಳೆಯುವುದರೊಳಗೆ ಟೇಪಿನ ಅಂಟು ಬಿಟ್ಟುಕೊಳ್ಳುತ್ತದೆ, ದಾರ ಬಿಡುವುದಿಲ್ಲ ಅನ್ನುವುದು ಅವನ ವಾದ. ದಾರ ಸುತ್ತುವ ಉಸಾಬರಿಗೆ ಹೋಗುತ್ತಿದ್ದವನು ಇಡೀ ಹೆದ್ದಾರಿಯಲ್ಲಿ ಅವನೊಬ್ಬನೇ.

ಗಂಗಾಮಣಿ ಅವನ ಹತ್ತಿರವೇ ಕಲಿತವಳು, ಆದರೆ ಅವಳ ದಾರಿ ಬೇರೆ. ತಾಮ್ರದ ಪುಟ್ಟ ಕೊಳವೆ, ಎರಡು ಕಡೆಯಿಂದ ಎರಡು ತುದಿ, ಇಕ್ಕಳದಲ್ಲಿ ಒಂದು ಅದುಮು. ಅದರ ಮೇಲೆ, ಅಂಗಿಯ ತೋಳಿನ ಹಾಗೆ, ಒಳಮೈಗೆ ಅಂಟು ಸವರಿದ ರಬ್ಬರ್ ತೋಳು. ಬಿಸಿ ತಾಗಿಸಿದರೆ ಮುದುಡಿಕೊಂಡು ಕೂತುಬಿಡುತ್ತದೆ, ನೀರು ನುಗ್ಗಲು ಸಂದಿಯಿಲ್ಲ. ಕೊಳವೆ ವೈರಿನ ಅಳತೆಯದೇ ಆಗಿರಬೇಕು, ಇಕ್ಕಳ ಒಳ್ಳೆಯದಾಗಿರಬೇಕು. “ತಗಡು ಹಿಸ್ಕೋ ಕೆಲ್ಸ” ಅಂತ ಅಪ್ಪ ಮೂಗು ಮುರಿಯುತ್ತಿದ್ದ. ಮುರಿದರೂ ಜಗ್ಗಿ ನೋಡುತ್ತಿದ್ದ.

ಜಗ್ಗುವುದು ಆ ಅಂಗಡಿಯ ಕಟ್ಟಳೆ. ಜಾಯಿಂಟು ಹಾಕಿದವರು ತಾವೇ ಜಗ್ಗಿ ಪರೀಕ್ಷೆ ಮಾಡುವ ಹಾಗಿಲ್ಲ. ಹಾಕಿದ ಕೈಗೆ ತನ್ನ ಕೆಲಸದ ಮೇಲೆ ಕನಿಕರ ಇರುತ್ತದಂತೆ. ಇನ್ನೊಬ್ಬರು ಜಗ್ಗಬೇಕು, ಚೆನ್ನಾಗಿ ಕೋಪ ಬಂದವರ ಹಾಗೆ ಜಗ್ಗಬೇಕು. ತಡೆದರೆ ಮುಚ್ಚುವುದು, ಬಿಟ್ಟುಬಂದರೆ ಇನ್ನೊಂದು ಸಲ. ಮಗಳ ಜಾಯಿಂಟನ್ನು ಜಗ್ಗಿದ ಮೇಲೆ ಅಪ್ಪ “ಹ್ಞೂಂ” ಅನ್ನುತ್ತಿದ್ದ. ಚೆನ್ನಾಗಿದೆ ಅಂತ ಬಾಯಿಬಿಟ್ಟು ಒಂದು ದಿನವೂ ಹೇಳಿದವನಲ್ಲ. ಅಷ್ಟಕ್ಕೇ ಅವಳ ಮುಖ ಅರಳುತ್ತಿತ್ತು, ಮಳ್ಳಿ.

ಹೆಂಗಸೊಬ್ಬಳು ಬಾನೆಟ್ಟಿನೊಳಗೆ ತಲೆ ಹಾಕಿದರೆ ಮೊದಮೊದಲು ಡ್ರೈವರುಗಳು ಹಲ್ಲು ಕಿರಿಯುತ್ತಿದ್ದರು. “ಸಾರಿಗೆ ಉಪ್ಪು ಹಾಕ್ದಂಗಲ್ಲ ಕಣಕ್ಕ” ಅಂದವರೂ ಉಂಟು. ಅವರ ಗಾಡಿಗಳು ಮಳೆಗಾಲ ಕಳೆದರೂ ಕೈಕೊಡದೆ ಓಡಿದ ಮೇಲೆ ಒಬ್ಬೊಬ್ಬರೇ ಬಾಯಿ ಮುಚ್ಚಿಕೊಂಡರು. ಈಚೆಗಂತೂ ಕೆ. ಹೊಸಕೋಟೆ ಕಡೆಯವರೂ ಬಾಳ್ಳುಪೇಟೆಗೆ ಬಂದು “ಅಕ್ಕ ಅವ್ರಾ?” ಅಂತ ಕೇಳತೊಡಗಿದ್ದರು. ಅಪ್ಪ ಎದುರಿಗೇ ಕೂತಿದ್ದರೂ “ಅಕ್ಕ ಅವ್ರಾ?”

ಕಷ್ಟಪಟ್ಟು ಕಟ್ಟಿಕೊಂಡ ಆ ಹೆಸರು ಮಾರನಹಳ್ಳಿಯ ತಿರುವಿನಲ್ಲಿ ಒಂದೇ ಬೆಳಗ್ಗೆ ಮಣ್ಣುಪಾಲಾಯಿತು.

ಗಂಗಾಮಣಿ ಬ್ರೆಡ್ಡು, ಕಿತ್ತಳೆ ಹಣ್ಣು ತೆಗೆದುಕೊಂಡು ಭೂತಮ್ಮನ ಮನೆಗೆ ಹೋದಳು. ಭೂತಮ್ಮ ಕೆಟ್ಟವಳಲ್ಲ. ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, “ಬುಡವ್ವ, ನೀನೇನು ಬೇಕೂಂತ ಮಾಡಿದ್ಯಾ,” ಅಂದಳು. ಆಮೇಲೆ ತಡೆಯಲಾರದೆ, “ಗೊತ್ತಿಲ್ದಿದ್ ಮೇಲೆ ನಿಮ್ಮಪ್ಪುಂಗೆ ಬುಡ್ಬೇಕಿತ್ತು ಕಣವ್ವ,” ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಗಂಗಾಮಣಿ ತಲೆ ತಗ್ಗಿಸಿಕೊಂಡು ಎದ್ದು ಬಂದಳು.

ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತಳು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಅವಳ ಗಂಡ ನವೀನ್‌ಕುಮಾರ್, “ಸಾಕು ಮಾರಾಯ್ತಿ, ಮನೇಲಿರು,” ಅಂದುಬಿಟ್ಟ. ಸಂಜೆ ಅಪ್ಪ ಬಂದ. ಬಂದವನು ಪಕ್ಕದಲ್ಲಿ ಕೂತು ಅವಳ ತಲೆ ಸವರಿದ. “ಹೋಗ್ಲಿ ಬುಡು ಮಗ. ಕೈ ತಪ್ತದೆ. ಯಾರ್ ಕೈ ತಪ್ಪಲ್ಲ?” ಅಂದ. ಅವನು ಹಾಗೆ ತಲೆ ಸವರಿದ್ದು ಅವಳು ಲಂಗ ಹಾಕುತ್ತಿದ್ದಾಗಲೇ ಕೊನೆ. ಆ ಕೈಯನ್ನು ಹಿಡಿದುಕೊಂಡು ಇನ್ನೊಂದಿಷ್ಟು ಅತ್ತಳು.

ಅವತ್ತಿನಿಂದ ಅವಳು ವೈರು ಮುಟ್ಟಲಿಲ್ಲ. ಅಂಗಡಿಯ ಮುಂದೆ ಕೂತು ಬಲ್ಬು, ಫ್ಯೂಸು, ಹಾರ್ನು ಮಾರಿದಳು. ಯಾರಾದರೂ ಬಂದು “ಯಜಮಾನ್ರೇ ಮಾಡ್ತಾರೆ ತಾನೇ?” ಅಂತ ಕೇಳಿದರೆ “ಅವರೇ” ಅನ್ನುತ್ತಿದ್ದಳು. ಮಲಗಿದಾಗ ಆ ಜಾಯಿಂಟು ಕಣ್ಣ ಮುಂದೆ ಬರುತ್ತಿತ್ತು. ಕೊಳವೆ ಸಣ್ಣದಾಯಿತೇ? ಇಕ್ಕಳದ ಬಾಯಿ ಸವೆದಿತ್ತೇ? ಅಪ್ಪ ಜಗ್ಗಿದ್ದನಲ್ಲ, ಅವಳ ಎದುರಿಗೇ ಜಗ್ಗಿ “ಹ್ಞೂಂ” ಅಂದಿದ್ದನಲ್ಲ. ಅಪ್ಪನ ಕೈಗೂ ಸಿಗದ ತಪ್ಪು ಅದಿನ್ನೆಂಥದು? ತನ್ನ ಕೈಯನ್ನೇ ಅನುಮಾನಿಸುತ್ತ ಬದುಕುವುದು ಎಂಥ ಸಂಕಟ ಅಂತ ಅವಳಿಗೆ ಆ ದಿನಗಳಲ್ಲಿ ಗೊತ್ತಾಯಿತು.

ಜೀಪಿನ ಮೂತಿ ಸಕಲೇಶಪುರದ ಗ್ಯಾರೇಜಿನಲ್ಲಿ ನೆಟ್ಟಗಾಗಿ ವಾಪಸು ಬಂತು. ಇನ್ನು ವೈರಿಂಗು ಬಾಕಿ. “ನಾನೇ ನೋಡ್ಕೊಳ್ತೀನಿ, ನೀನು ಕೈ ಹಾಕ್ಬೇಡ,” ಅಂತ ಅಪ್ಪ ಹೇಳಿ ಅದನ್ನು ಅಂಗಡಿಯ ಹಿಂದೆ ನಿಲ್ಲಿಸಿ, ಊಟ ಮಾಡಿ ಅಡ್ಡಾಗಲು ಮನೆಗೆ ಹೋದ. ಮಗಳು ಹೆದರಿದ್ದಾಳೆ, ಮುಟ್ಟುವುದಿಲ್ಲ ಅನ್ನುವ ಧೈರ್ಯ ಅವನಿಗೆ. ಗಂಗಾಮಣಿಗೂ ಮುಟ್ಟುವ ಉದ್ದೇಶ ಇರಲಿಲ್ಲ. ತಪ್ಪು ಎಲ್ಲಾಯಿತು ಅಂತ ಒಂದು ಸಲ ಕಣ್ಣಾರೆ ನೋಡಿಬಿಟ್ಟರೆ ನಿದ್ದೆಯಾದರೂ ಬರುತ್ತದೆ ಅನ್ನಿಸಿ ಬಾನೆಟ್ಟು ಎತ್ತಿದಳು.

ಹೆಡ್‌ಲೈಟಿನ ಲೈನು ಎರಡು ತುಂಡಾಗಿ ನೇತಾಡುತ್ತಿತ್ತು. ಬಿಸಿಗೆ ಟೇಪು ಕರಗಿ ಜಿನುಗಿತ್ತು. ಅದನ್ನು ಉಗುರಿನಲ್ಲಿ ಕೆರೆದಾಗ ಒಳಗಿನಿಂದ ದಾರ ಬಂತು.

ಕಪ್ಪಗೆ ಸುಟ್ಟ, ಮೇಣ ಹಚ್ಚಿದ ದಾರ. ಕೊನೆಯಲ್ಲಿ ಅಪ್ಪನ ಗಂಟು.

ಅವಳಿಗೆ ಮೊದಲು ಏನೂ ಹೊಳೆಯಲಿಲ್ಲ. ದಾರವನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಳು. ಆಮೇಲೆ ಜಾಯಿಂಟನ್ನು ಬಿಡಿಸಿದಳು. ರಬ್ಬರ್ ಸುಲಿಯುವಾಗ ಚಾಕು ಒಳಗಿನ ತಾಮ್ರಕ್ಕೂ ಇಳಿದು ಅರ್ಧಕ್ಕರ್ಧ ಎಳೆಗಳು ತುಂಡಾಗಿದ್ದವು. ಉಳಿದವನ್ನು ಹೊಸೆದದ್ದು ಸಡಿಲ. ಬೆಸುಗೆ ಒಳಕ್ಕೆ ಇಳಿದೇ ಇರಲಿಲ್ಲ. ಮೇಲೆ ಮುದ್ದೆಯಾಗಿ ಕೂತಿತ್ತು, ಉಗುರು ಹಾಕಿದರೆ ಎದ್ದು ಬರುವ ಹಾಗೆ. ನಡುಗುವ ಕೈಯ ಕೆಲಸ. ಎರಡು ದೀಪದ ಕರೆಂಟು ಆ ನಾಲ್ಕು ಎಳೆಯ ಮೇಲೆ ಹರಿದು, ಕಾದು, ಕೊನೆಗೆ ಕಳಚಿಕೊಂಡಿದೆ.

ತನ್ನ ಕೊಳವೆ ಎಲ್ಲಿ?

ಚೂರುಪಾರು ತಾಮ್ರ ಹಾಕುವ ಡಬ್ಬಿಯನ್ನು ಅಂಗಡಿಯ ನೆಲಕ್ಕೆ ಸುರಿದು ಹುಡುಕಿದಳು. ಸಿಕ್ಕಿತು. ಎರಡೂ ಕಡೆ ಗೇಣುದ್ದ ವೈರಿನ ಸಮೇತ ಕತ್ತರಿಸಿ ಬಿಸಾಡಿದ್ದ ಅವಳ ಜಾಯಿಂಟು, ಮೈಮೇಲೆ ರಬ್ಬರ್ ತೋಳು ಹಾಗೇ ಅಂಟಿಕೊಂಡಿದ್ದದ್ದು. ಎರಡೂ ತುದಿಯನ್ನು ಮುಷ್ಟಿಗೆ ಸುತ್ತಿಕೊಂಡು ಶಕ್ತಿಮೀರಿ ಜಗ್ಗಿದಳು. ಅಂಗೈ ಕೆಂಪಾಯಿತು. ಜಾಯಿಂಟು ಅಲ್ಲಾಡಲಿಲ್ಲ.

ಜೀಪಿಗೆ ಈ ಜಾಯಿಂಟು ಹಾಕಿ ಮುಗಿಸಿದ ಸಂಜೆ ಅವಳು ಆಲೂರಿಗೆ ನಂಟರ ಮನೆಯ ನಾಮಕರಣಕ್ಕೆ ಹೋಗಿದ್ದಳು. ಜೀಪು ಅಂಗಡಿಯಲ್ಲೇ ನಿಂತಿತ್ತು. ಅಪ್ಪ ಒಬ್ಬನೇ ಇದ್ದ.

ನೆಲದ ಮೇಲೆ ತಾಮ್ರದ ಚೂರುಗಳ ನಡುವೆ ಕೂತ ಗಂಗಾಮಣಿಗೆ ಅಳು ಬರಲಿಲ್ಲ. ಅಳುವಷ್ಟು ಆಗಲೇ ಅತ್ತಾಗಿತ್ತು, ಅದೂ ಯಾರ ಕೈ ಹಿಡಿದುಕೊಂಡು!  ಟಾರ್ಚು ಬಿಟ್ಟು ನೋಡಿದಾಗಲೇ ಅಪ್ಪನಿಗೆ ತನ್ನ ದಾರ ಕಂಡಿದೆ. ಕಂಡ ಮೇಲೆ, ಇನ್ನೂ ಸ್ವಲ್ಪ ಬಗ್ಗಿ ನೋಡಿ, ಎದ್ದು ನಿಂತು, ಕೈ ಒರೆಸಿಕೊಂಡು ಮಗಳ ಹೆಸರು ಹೇಳಿದ್ದಾನೆ. ಪರರು ಯಾರಾದರೂ ಹೀಗೆ ಮಾಡಿದ್ದರೆ ಅವಳು ಹೆದ್ದಾರಿಯಲ್ಲೇ ನಿಂತು ಜಾತಕ ಜಾಲಾಡುತ್ತಿದ್ದಳು.

ಅಪ್ಪ ನಿದ್ದೆ ಮುಗಿಸಿ ಬಂದಾಗ ಅವಳು ಎರಡೂ ಜಾಯಿಂಟನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಿದ್ದಳು. ದೇವೀರಪ್ಪ ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ. ಚಪ್ಪಲಿ ಬಿಟ್ಟು ಒಳಗೆ ಬಂದು ಸ್ಟೂಲಿನ ಮೇಲೆ ಕೂತ.

“ಮುಟ್ಬ್ಯಾಡ ಅಂದಿದ್ದೆ,” ಅಂದ.

“ನಂದನ್ನ ಯಾಕಪ್ಪ ಕಿತ್ತಾಕ್ದೆ? ನೀನೇ ಜಗ್ಗಿ ಹ್ಞೂಂ ಅಂದಿದ್ದಲ್ವಾ?”

 ಅವನ ಧ್ವನಿಯಲ್ಲಿ ನಾಚಿಕೆಯಿರಲಿಲ್ಲ, ಸಿಟ್ಟಿತ್ತು. “ಈ ಎರಡ್ ವರ್ಷದಿಂದ ನಾನು ಹಾಕಿದ್ ಜಾಯಿಂಟ್ನೆಲ್ಲ ನೀನು ಏನ್ ಮಾಡ್ತಿದ್ದೆ? ನಾನು ಟೀ ಕುಡ್ಯಾಕೆ ಹೋದಾಗ ಕಿತ್ತು ಕಿತ್ತು ನಿನ್ ತಗಡು ಹಾಕ್ತಿದ್ದೆ. ನಂಗೇನ್ ಗೊತ್ತಿಲ್ಲ ಅನ್ಕಂಡಿದ್ಯಾ? ಒಂದ್ ದಿನಾನಾದ್ರೂ ಅಪ್ಪಾ ನಿನ್ ಕೈ ನಡುಗ್ತೈತೆ ಅಂತ ಹೇಳಿದ್ಯಾ? ನಾನೂ ನಿಂದು ಒಂದು ಕಿತ್ತೆ.”

ಗಂಗಾಮಣಿ ಬೆಪ್ಪಾದಳು. ಅದು ನಿಜ. ಅವನ ಜಾಯಿಂಟುಗಳು ಜಗ್ಗಿದರೆ ಬಿಟ್ಟುಬರುತ್ತಿದ್ದವು; ಅವನ ಮನಸ್ಸು ನೋಯಬಾರದು ಅಂತ ಸದ್ದಿಲ್ಲದೆ ಬದಲಾಯಿಸುತ್ತಿದ್ದಳು. ಅವನಿಗೆ ಅದು ಮರ್ಯಾದೆಯಾಗಿ ಕಂಡಿರಲಿಲ್ಲ.

“ನಾನು ಕಿತ್ತಿದ್ದು ಬುಟ್ಕೊಂಡಿದ್ದನ್ನ,” ಅಂದಳು. “ನೀನು ಕಿತ್ತಿದ್ದು ಗಟ್ಟಿ ಇದ್ದಿದ್ದನ್ನ. ಹೋಗ್ಲಿ, ಕಿತ್ತೆ. ಅವ್ರೆಲ್ಲರ ಮುಂದೆ ಸುಳ್ಳು ಹೇಳ್ದೆ. ಅದೂ ಹೋಗ್ಲಿ. ನಾನು ಅಡ್ಗೆಮನೇಲಿ ಕುಂತು ಅಳ್ತಿದ್ದಾಗ ಬಂದು ತಲೆ ಸವರಿದ್ಯಲ್ಲ, ಆವಾಗ್ಲಾದ್ರೂ ಹೇಳ್ಬೋದಿತ್ತಲ್ವೇನಪ್ಪ? ನಂಗೊಬ್ಬುಳ್ಗಾದ್ರೂ?”

ದೇವೀರಪ್ಪ ರಸ್ತೆಯ ಕಡೆ ನೋಡಿದ. “ನಿನ್ ಹೆಸ್ರು ಹೊಸ್ದು ಕಣೇ. ಇನ್ನೊಂದ್ ಸಲ ಕಟ್ಕೋಬೋದು. ನಂದು ಹೋದ್ರೆ ಕಟ್ಕಳಾಕೆ ಆಯಸ್ಸಿಲ್ಲ.” ಆಮೇಲೆ ವ್ಯಾಪಾರದ ಮಾತಾಡುವವನ ಹಾಗೆ ಧ್ವನಿ ತಗ್ಗಿಸಿ ಹೇಳಿದ: “ಈಗ ಒಂದ್ ಕೆಲ್ಸ ಮಾಡು. ಇನ್ ಮೇಲೆ ಕೆಲ್ಸ ನೀನೇ ಮಾಡು, ಹಿಂದ್ಗಡೆ. ನಾನ್ ಮಾಡ್ದೆ ಅಂತ ಹೇಳಾಣ. ಗಾಡಿನೂ ಚೆನ್ನಾಗಿರ್ತವೆ, ಅಂಗ್ಡಿನೂ ನಡೀತದೆ.”

ಯೋಚಿಸಿ ಇಟ್ಟುಕೊಂಡಿದ್ದ ಮಾತು ಅದು. ತಲೆ ಸವರುವಾಗಲೂ ಯೋಚಿಸುತ್ತಿದ್ದನೋ ಏನೋ. ಗಂಗಾಮಣಿಗೆ ಎದುರಿಗೆ ಕೂತವನು ಯಾರು ಅಂತಲೇ ಅನುಮಾನ ಬಂತು.

ಅವಳು ಉತ್ತರ ಕೊಡುವ ಮೊದಲೇ ಪ್ರದೀಪ ಬಂದ, ಹಿಂದೆಯೇ ಭೂತಮ್ಮ. ಭೂತಮ್ಮ ಆಸ್ಪತ್ರೆಯಲ್ಲಿ ಕೈ ತೋರಿಸಿಕೊಂಡು ಬಂದವಳು. ಜೀಪು ಸಿಕ್ಕರೆ ಅದರಲ್ಲೇ ಊರಿಗೆ ಹೋಗುವ ಯೋಚನೆ. ಪಕ್ಕದ ಟೀ ಅಂಗಡಿಯ ಸಿದ್ದಬಸಪ್ಪನೂ ಮಾತು ಕೇಳುವ ಆಸೆಗೆ ಲೋಟ ತೊಳೆಯುವುದನ್ನು ಬಿಟ್ಟು ಬಂದು ನಿಂತ.

“ಪ್ರದೀಪಣ್ಣ, ಇಲ್ಲಿ ನೋಡು,” ಅಂತ ಗಂಗಾಮಣಿ ಎರಡೂ ಜಾಯಿಂಟನ್ನು ಅಂಗೈಯಲ್ಲಿ ಹಿಡಿದಳು. “ಇದು ನಾನು ಹಾಕಿದ್ದು, ಡಬ್ಬೀಲಿ ಸಿಕ್ತು. ನಿನ್ ಜೀಪಿನಲ್ಲಿ ಇದ್ದಿದ್ದು ಇದು. ಒಳ್ಗೆ ದಾರ ಐತೆ ನೋಡು. ನಾನು ಯಾವತ್ತಾದ್ರೂ ದಾರ ಸುತ್ತಿದ್ದು ನೋಡಿದ್ಯಾ? ಇದು ಅಪ್ಪ ಹಾಕಿದ್ದು. ಭೂತಮ್ಮಕ್ಕ, ನಿನ್ ಕೈ ಮುರ್ದಿದ್ದು ನನ್ನಿಂದ ಅಲ್ಲ.”

  ಪ್ರದೀಪ ಅಂಗೈಯ ಮೇಲೆ ಬಗ್ಗಿ ನೋಡಿದ. ಅವನ ಕಣ್ಣಿಗೆ ಎರಡೂ ವೈರಿನ ತುಂಡು. “ದಾರ ಯಾರ್ ಬೇಕಾದ್ರೂ ಸುತ್ಬೋದಲ್ಲಕ್ಕ,” ಅಂದ, ಬೇಸರದಿಂದ. ಸಿದ್ದಬಸಪ್ಪ ಬಾಯಲ್ಲಿ ಲೊಚಗುಟ್ಟಿದ. ಎಲ್ಲರೂ ದೇವೀರಪ್ಪನ ಕಡೆ ತಿರುಗಿದರು.

ಅವನು ಸ್ಟೂಲಿನಿಂದ ಎದ್ದ. ಕಣ್ಣಲ್ಲಿ ನೀರು ತುಂಬಿತ್ತು, ಅದಂತೂ ನಾಟಕವಲ್ಲ.  ಈಗ ಹೇಳುತ್ತಾನೆ ಅಂತ ಗಂಗಾಮಣಿಗೆ ಅನ್ನಿಸಿತು.

“ಹೋಗ್ಲಿ ಬುಡ್ರಪ್ಪ,” ಅಂದ ದೇವೀರಪ್ಪ. “ಮಗ ಹೆದ್ರೈತೆ. ಊರೆಲ್ಲ ಆಡ್ಕೊಂಡ್ರೆ ಏನ್ ಮಾಡ್ತದೆ, ಏನೋ ಒಂದು ಹೇಳ್ತದೆ. ನಾನು ಕಲ್ಸಿದ್ದಲ್ವಾ, ತಪ್ಪು ನಂದೇ ಅಂತ ಇಟ್ಕೊಳಿ. ಅವ್ಳಿಗೇನೂ ಅನ್ಬ್ಯಾಡ್ರಿ.”

ಪ್ರದೀಪನ ಮುಖ ಮೆತ್ತಗಾಯಿತು. ಸಿದ್ದಬಸಪ್ಪ ಹೆಗಲ ಮೇಲಿನ ಟವಲಿನಿಂದ ಕಣ್ಣು ಒರೆಸಿಕೊಂಡ. ಭೂತಮ್ಮ ಮಾತ್ರ ಗಂಗಾಮಣಿಯನ್ನು ನೋಡಿ, “ಹೆತ್ತಪ್ಪನ್ ಮ್ಯಾಲೆ ಹಾಕ್ತೀಯಲ್ಲವ್ವ,” ಅಂದಳು. “ದೇವ್ರಂಥೋರು ಕಣವ್ವ ಅವ್ರು. ಇಷ್ಟಾದ್ರೂ ನಿನ್ನೇ ವಹಿಸ್ಕತಾವ್ರೆ.”

 ಸುಳ್ಳಿಗಾದರೆ ಎದುರಾಡಬಹುದು, ಕಿರುಚಬಹುದು, ದೇವಸ್ಥಾನಕ್ಕೆ ಎಳೆದುಕೊಂಡು ಹೋಗಿ ಆಣೆ ಹಾಕಿಸಬಹುದು. ಎಲ್ಲರ ಎದುರು ಅವಳನ್ನು ಕ್ಷಮಿಸಿಬಿಟ್ಟ ಅಪ್ಪನಿಗೆ ಏನು ಹೇಳುವುದು? ಗಂಗಾಮಣಿ ಎರಡೂ ವೈರಿನ ತುಂಡನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಳು.

“ಯಜಮಾನ್ರೇ, ಈಗ ಮಾತ್ರ ನೀವೇ ಕೈಯಾರೆ ಮಾಡ್ಬೇಕು,” ಅಂದ ಪ್ರದೀಪ. “ನಾಳೆಯಿಂದ ಮತ್ತೆ ಹೆಂಗಸ್ರುನ್ನ ತುಂಬ್ಕೊಂಡು ಹೋಗ್ಬೇಕು. ಅಕ್ಕ ಬ್ಯಾಡ. ನಾವು ಇಲ್ಲೇ ಕುಂತಿರ್ತೀವಿ.”

ದೇವೀರಪ್ಪನಿಗೆ ಇಲ್ಲ ಅನ್ನಲು ದಾರಿಯಿರಲಿಲ್ಲ. ಅವನು ಚಾಕು, ಬೆಸುಗೆ ಕಡ್ಡಿ, ದಾರದ ಉಂಡೆ ತೆಗೆದುಕೊಂಡು ಹಿಂದಕ್ಕೆ ಹೋದ. ಪ್ರದೀಪ ಜೀಪಿನ ಆಚೆ ಬದಿಯಲ್ಲಿ ನಿಂತು ಫೋನಿನಲ್ಲಿ ಯಾರ ಹತ್ತಿರವೋ ಮಾತಾಡತೊಡಗಿದ. ಭೂತಮ್ಮ ಅಷ್ಟು ದೂರದಲ್ಲಿ ಹಳೇ ಟೈರಿನ ಮೇಲೆ ಕೂತಳು.

ಗಂಗಾಮಣಿ ಹಿಂಬಾಗಿಲಲ್ಲಿ ನಿಂತು ನೋಡಿದಳು. ಮಾಡಲಿ ಅನ್ನಿಸಿತು. ಎಲ್ಲರ ಎದುರಿಗೇ ಮಾಡಲಿ, ಆ ಕೈ ನಡುಗುವುದನ್ನು ಜನ ನೋಡಲಿ. ಅಪ್ಪ ಹೊಸ ವೈರಿಗೆ ಚಾಕು ಹಚ್ಚಿದ. ಚಾಕು ಜಾರಿತು. ಇನ್ನೊಮ್ಮೆ ಹಚ್ಚಿದ; ರಬ್ಬರಿನ ಜೊತೆಗೆ ತಾಮ್ರದ ಎಳೆಗಳೂ ಕತ್ತರಿಸಿ ಅವನ ಪಾದದ ಹತ್ತಿರ ಉದುರಿದವು. ಅವನು ಅದನ್ನು ನೋಡಿದ. ನೋಡಿಯೂ ಉಳಿದಷ್ಟು ಎಳೆಯನ್ನೇ ಹೊಸೆಯಲು ಶುರುಮಾಡಿದ.

ನೋಡಿಯೂ.  ಈ ಮನುಷ್ಯ ಇದರ ಮೇಲೂ ದಾರ ಸುತ್ತಿ, ಟೇಪು ಹಾಕಿ, ಕೀಲಿಕೈ ಕೊಟ್ಟು ಕಳಿಸುತ್ತಾನೆ. ಯಾವತ್ತೋ ಒಂದು ಬೆಳಗ್ಗೆ ಮತ್ತೆ ಮಂಜು ಇರುತ್ತದೆ, ಪ್ರದೀಪನಿಗೆ ಬಲಕ್ಕೆ ತಿರುಗಿಸಲು ಆಗ ಪುರುಸೊತ್ತು ಸಿಗದೆಯೂ ಹೋಗಬಹುದು. ತನ್ನನ್ನು ನಂಬದ ಭೂತಮ್ಮನ ಮೇಲೆ ಗಂಗಾಮಣಿಗೆ ಸಿಟ್ಟಿತ್ತು, ಬೇಕಾದಷ್ಟಿತ್ತು. ಆದರೆ ಅಪ್ಪನ ಸುಳ್ಳಿಗೆ ಆಕೆಯ ಇನ್ನೊಂದು ಕೈಯನ್ನೂ ಬಲಿ ಕೊಡುವಷ್ಟು ಇರಲಿಲ್ಲ.

ಅವಳು ಇಕ್ಕಳ, ಕೊಳವೆ ತೆಗೆದುಕೊಂಡು ಹೋಗಿ ಅಪ್ಪನ ಕೈಯಿಂದ ವೈರು ಕಸಿದುಕೊಂಡಳು.

“ಏಯ್, ಅಕ್ಕ ಯಾಕೆ?” ಅಂತ ಪ್ರದೀಪ ಫೋನು ಕಿವಿಯಿಂದ ಇಳಿಸಿದ.

“ಹಿಡ್ಕಳಾಕಪ್ಪ,” ಅಂದ ದೇವೀರಪ್ಪ ತಕ್ಷಣ. “ಹಿಡ್ಕಳಾಕೆ ಒಬ್ರು ಬೇಕಲ್ವಾ. ನಾನು ಮಾಡ್ತಾ ಇದೀನಿ.”

 ಗಂಗಾಮಣಿ ನಿಜ ಹೇಳಿದರೆ ಪ್ರದೀಪ ಅವಳನ್ನು ಎಬ್ಬಿಸುತ್ತಾನೆ, ಕೆಲಸ ಮತ್ತೆ ಆ ಕೈಗೇ ಹೋಗುತ್ತದೆ. ಅವಳು ಕೆಟ್ಟ ತುದಿಯನ್ನು ಕತ್ತರಿಸಿ ಹಾಕಿದಳು, ಹೊಸದಾಗಿ ಸುಲಿದಳು, ಒಂದು ಎಳೆಯೂ ತುಂಡಾಗದ ಹಾಗೆ. ಕೊಳವೆಗೆ ತುದಿ ತೂರಿಸಿ ಅದುಮಿದಳು. ಅಪ್ಪ ಪಕ್ಕದಲ್ಲಿ ಟಾರ್ಚು ಹಿಡಿದು ಬಗ್ಗಿದ್ದ, ದೂರದಿಂದ ನೋಡುವವರಿಗೆ ಅವನೇ ಕೆಲಸ ಮಾಡುತ್ತಿರುವ ಹಾಗೆ. ಅವನ ಕೈ ನಡುಗಿ ಬೆಳಕು ಅವಳ ಬೆರಳಿನ ಮೇಲೆ ಓಲಾಡುತ್ತಿತ್ತು. “ನೆಟ್ಟಗೆ ಹಿಡಿ,” ಅಂದಳು, ಅವನಿಗೆ ಮಾತ್ರ ಕೇಳುವ ಹಾಗೆ. ಅವನು ಎರಡೂ ಕೈಯಲ್ಲಿ ಟಾರ್ಚು ಹಿಡಿದ. ರಬ್ಬರ್ ತೋಳಿಗೆ ಬಿಸಿ ತಾಗಿಸುವ ಮೊದಲು ಜಗ್ಗಲು ವೈರನ್ನು ಅವನ ಕೈಗೆ ಕೊಡಲಿಲ್ಲ. ತಾನೇ ಜಗ್ಗಿದಳು, ಕನಿಕರವಿಲ್ಲದೆ.

ಸ್ವಿಚ್ಚು ಹಾಕಿದಾಗ ಎರಡೂ ದೀಪ ಗೋಡೆಯ ಮೇಲೆ ಬೆಳ್ಳಗೆ ಬಿದ್ದವು. ಪ್ರದೀಪ ಬಂದು ದೇವೀರಪ್ಪನಿಗೆ ಕೈ ಮುಗಿದ. “ನಿಮ್ ಕೈ ಕೈನೇ ಯಜಮಾನ್ರೇ,” ಅಂದ. ಭೂತಮ್ಮ ಎಡಗೈಯಿಂದ ಗಂಗಾಮಣಿಯ ಹೆಗಲು ಮುಟ್ಟಿದಳು. ಪಾಪ, ಸಮಾಧಾನ ಹೇಳಲೆಂದೇ ಮುಟ್ಟಿದ್ದು. “ನೋಡ್ದಾ, ಹೆಂಗ್ ಮಾಡ್ತಾರೆ ಅಂತ? ಹತ್ರ ನಿಂತು ಕಲ್ತ್ಕಳವ್ವ.”

ಜೀಪು ಹೊರಟಿತು. ಹೆದ್ದಾರಿಯ ಅಂಚಿಗೆ ಹೋಗಿ ನಿಂತಿತು. ಘಟ್ಟದ ಕಡೆಯಿಂದ ಟ್ಯಾಂಕರುಗಳ ಸಾಲೊಂದು ಏರಿ ಬರುತ್ತಿತ್ತು, ದಾಟಲು ಜಾಗವಿರಲಿಲ್ಲ. ಸಿದ್ದಬಸಪ್ಪ ತನ್ನ ಲೋಟಗಳಿಗೆ ವಾಪಸು ಹೋದ. ಅಂಗಡಿಯ ಮುಂದೆ ಅಪ್ಪ ಮಗಳು ಇಬ್ಬರೇ ಉಳಿದರು.

“ಚೆನ್ನಾಗ್ ಮಾಡ್ದೆ ಮಗ,” ಅಂದ ದೇವೀರಪ್ಪ, ಮೆಲ್ಲಗೆ. “ನಂಗಿಂತ ಚೆನ್ನಾಗ್ ಮಾಡ್ತೀಯ. ಯಾವತ್ತಿಂದ್ಲೂ.”

ಇಷ್ಟು ವರ್ಷ ಅವಳು ಕಾದಿದ್ದ ಮಾತು. ಅವನು ಸುಳ್ಳು ಹೇಳುತ್ತಿಲ್ಲ ಅಂತಲೂ ಅವಳಿಗೆ ಗೊತ್ತಾಯಿತು. ಕೇಳಲು ಬೇರೆ ಯಾರೂ ಇಲ್ಲ ಅಂತ ಅತ್ತಿತ್ತ ನೋಡಿಕೊಂಡೇ ಹೇಳಿದ್ದ.

“ಅವ್ರು ಇನ್ನೂ ಅಲ್ಲೇ ಅವ್ರೆ,” ಅಂದಳು ಗಂಗಾಮಣಿ, ಜೀಪಿನ ಕಡೆ ಕೈ ತೋರಿಸಿ. “ಕೂಗಪ್ಪ. ಕೂಗಿ ಈ ಮಾತು ಹೇಳು. ಬೇರೇನೂ ಹೇಳ್ಬ್ಯಾಡ. ಈಗ ಹಾಕಿದ್ದು ಇವ್ಳು ಅಂತ ಅಷ್ಟೇ ಹೇಳು.”

ದೇವೀರಪ್ಪ ಜೀಪನ್ನು ನೋಡಿದ. ಕೂಗಿದರೆ ಕೇಳುವಷ್ಟು ದೂರ. ಭೂತಮ್ಮನ ಬಿಳಿ ಪ್ಲಾಸ್ಟರು ಕಿಟಕಿಯಲ್ಲಿ ಕಾಣುತ್ತಿತ್ತು. ಒಂದು ಟ್ಯಾಂಕರು ಹೋಯಿತು, ಅದರ ಹಿಂದೆ ಇನ್ನೊಂದು. ಅವನು ಬಾಯಿ ತೆರೆದ.  ಗಂಗಾಮಣಿ ಅವನ ಬಾಯನ್ನೇ ನೋಡುತ್ತ ನಿಂತಳು. ಆಗಲೂ ಅವಳಿಗೆ ಆಸೆ ಇತ್ತು, ನಾಚಿಕೆಯಿಲ್ಲದ ಆಸೆ.

ಕೊನೆಯ ಟ್ಯಾಂಕರು ದಾಟಿತು. ಜೀಪು ರಸ್ತೆಗಿಳಿದು ಘಟ್ಟದ ಕಡೆಗೆ ತಿರುಗಿ ಹೋಯಿತು. ದೇವೀರಪ್ಪ ತೆರೆದ ಬಾಯನ್ನು ಅಂಗೈಯಿಂದ ಒರೆಸಿಕೊಂಡು ಮುಚ್ಚಿದ.

ಗಂಗಾಮಣಿ ಇಕ್ಕಳವನ್ನು ಸೆರಗಿಗೆ ಒರೆಸಿ, ಉಳಿದ ಕೊಳವೆಗಳ ಸಮೇತ ಚೀಲಕ್ಕೆ ಹಾಕಿಕೊಂಡು ಅಂಗಡಿಯ ಮೆಟ್ಟಿಲು ಇಳಿದಳು.